ಸರ್ಪಸುತ್ತಿಗೆ ಮೂರು ದಿನದ ಗಡುವು

(ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ನಿಮ್ಮ ಊರಿಗೆ ಬಂದೆನೆಂದರೆ ಬೀಜೋಪಚಾರ, ಗೊಬ್ಬರದ ಗುಂಡಿ, ಸಾಲು ಬಿತ್ತನೆ ಇವೇ ಮಾತು ಎಂದು ನಿಮಗೆಲ್ಲ ಗೊತ್ತು. ಈ ಹೊತ್ತು ಅವನ್ನು ಸ್ವಲ್ಪ ಬದಿಗಿಟ್ಟು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಅದು ಸರ್ಪಸುತ್ತು. ಕೆಲವರು ಇದನ್ನು ಸರ್ಪಹುಣ್ಣು ಎನ್ನುತ್ತಾರೆ. ಹೊಲಗದ್ದೆಯ ಕೆಲಸಕ್ಕೆ ಹೋದಲ್ಲೆಲ್ಲ ಈ ಕಾಯಿಲೆಯ ವಿಚಾರವಾಗಿ ಜನ ನನ್ನನ್ನು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಕಲೆಹಾಕಿ, ವೈದ್ಯರಿಂದ ತಿಳಿದುಕೊಂಡ ಉತ್ತರಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲೇ ಒಂದು ಮಾತು. ನಾನು ವೈದ್ಯನಲ್ಲ, ವ್ಯವಸಾಯದ ಡಿಪ್ಲೊಮಾ ಓದಿದವನು. ಔಷಧ ಕೊಡುವುದು ನನ್ನ ಕೆಲಸವಲ್ಲ. ಔಷಧ ಇರುವ ಕಡೆಗೆ ಹೊತ್ತು ಮೀರುವ ಮುನ್ನ ನಿಮ್ಮನ್ನು ಕಳಿಸಿಕೊಡುವುದು ನನ್ನ ಕೆಲಸ. ಈ ಕಾಯಿಲೆಯಲ್ಲಿ ಹೊತ್ತೇ ದೊಡ್ಡದು. ಗುಳ್ಳೆ ಕಂಡ ಮೇಲೆ ಮೂರು ದಿನ, ಅಂದರೆ 72 ಗಂಟೆ. ಅಷ್ಟರೊಳಗೆ ಔಷಧ ಶುರುವಾದರೆ ಅದರ ಪ್ರಯೋಜನ ಹೆಚ್ಚು. ನನ್ನ ಭಾಷಣದಲ್ಲಿ ಉಳಿದದ್ದೆಲ್ಲ ಮರೆತರೂ ಚಿಂತೆಯಿಲ್ಲ, ಈ ಮೂರು ದಿನದ ಲೆಕ್ಕ ಮಾತ್ರ ನೆನಪಿರಲಿ.

ನಮ್ಮ ವಲಯದ ಒಂದು ಹಳ್ಳಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಕಡಲೆಕಾಯಿ ಬಿಡಿಸುವ ಕಾಲದಲ್ಲಿ ಅವರ ಬಲಪಕ್ಕೆಯ ಮೇಲೆ ಗುಳ್ಳೆ ಎದ್ದವು. ಕೆಲಸದ ಒತ್ತಡ, ಮನೆಯವರು ಕೆಮ್ಮಣ್ಣು ಹಚ್ಚಿದರು, ಮಂತ್ರ ಹಾಕಿಸಿದರು. ಆಸ್ಪತ್ರೆಗೆ ಹೋದದ್ದು ಹದಿನಾಲ್ಕನೆಯ ದಿನ. ಗುಳ್ಳೆಗಳು ಒಣಗಿ ಉದುರಿದವು, ಕಲೆಯೂ ಮಾಸಿತು. ಆದರೆ ಏಳು ತಿಂಗಳಾದರೂ ಆ ಜಾಗಕ್ಕೆ ಸೀರೆಯ ಸೆರಗು ತಾಗಿದರೆ ಅಜ್ಜಿ ಹೌಹಾರುತ್ತಾರೆ. ರಾತ್ರಿ ನಿದ್ದೆಯಿಲ್ಲ. ಮೊಮ್ಮಗುವನ್ನು ಆ ಕಡೆಯ ಕಂಕುಳಲ್ಲಿ ಎತ್ತಿಕೊಳ್ಳುವ ಹಾಗಿಲ್ಲ. ಈ ನೋವು ನಿಮ್ಮ ಮನೆಯ ಹಿರಿಯರಿಗೆ ಬರಬಾರದೆಂದೇ ಇಷ್ಟು ಮಾತು. ಇನ್ನು ಒಂದೊಂದು ಪ್ರಶ್ನೆಯನ್ನೇ ತೆಗೆದುಕೊಳ್ಳೋಣ.

“ಹಾವು ತುಳಿದರೆ, ಇಲ್ಲವೇ ಹಾವಿನ ಶಾಪದಿಂದ ಇದು ಬರುತ್ತದೆಯೆ?”

ಇಲ್ಲ. ಇದಕ್ಕೂ ಹಾವಿಗೂ ಹೆಸರಿನ ಸಂಬಂಧ ಮಾತ್ರ. ಗುಳ್ಳೆಗಳು ಮೈಮೇಲೆ ಪಟ್ಟಿಯಾಗಿ, ಹಾವು ಸುತ್ತಿಕೊಂಡ ಹಾಗೆ ಕಾಣುವುದರಿಂದ ನಮ್ಮ ಹಿರಿಯರು ಆ ಹೆಸರಿಟ್ಟರು. ಕಾಯಿಲೆಗೆ ಕಾರಣ ಒಂದು ವೈರಸ್. ಚಿಕ್ಕಂದಿನಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ ಸೀತಾಳೆ ಸಿಡುಬು ಆಗಿರುತ್ತದೆ. ‘ಅಮ್ಮ ಆಗಿದೆ’ ಎಂದು ಬೇವಿನಸೊಪ್ಪಿನ ಮೇಲೆ ಮಲಗಿಸುತ್ತಿದ್ದರಲ್ಲ, ಅದೇ. ಅದನ್ನು ತರುವ ವೈರಸ್ಸೇ ಸರ್ಪಸುತ್ತನ್ನೂ ತರುತ್ತದೆ.

ಇದು ಹೇಗೆಂದು ನಿಮ್ಮ ಹೊಲದ ಮಾತಿನಲ್ಲೇ ಹೇಳುತ್ತೇನೆ. ಜೇಕಿನ ಕಳೆ ನಿಮಗೆ ಗೊತ್ತು. ಕೆಲವು ಕಡೆ ಕೊನ್ನಾರಿ ಎನ್ನುತ್ತಾರೆ. ಮೇಲಿನ ಹುಲ್ಲನ್ನು ಕಿತ್ತು ಹಾಕಿದರೆ ಹೊಲ ಚೊಕ್ಕಟವಾಗಿ ಕಾಣುತ್ತದೆ. ಆದರೆ ಗಡ್ಡೆ ನೆಲದೊಳಗೆ ಉಳಿದಿರುತ್ತದೆ. ಹದ ಸಿಕ್ಕಿದ ಕೂಡಲೆ ಮತ್ತೆ ಚಿಗುರುತ್ತದೆ. ಸೀತಾಳೆ ಸಿಡುಬು ವಾಸಿಯಾದ ಮೇಲೂ ಹೀಗೆಯೇ. ಮೈಮೇಲಿನ ಗುಳ್ಳೆ ಹೋಗುತ್ತವೆ. ವೈರಸ್ ಮಾತ್ರ ಬೆನ್ನುಹುರಿಯ ಪಕ್ಕದಲ್ಲಿ, ನರಗಳ ಬುಡದಲ್ಲಿ ಅಡಗಿ ಮಲಗುತ್ತದೆ. ಹತ್ತು ವರ್ಷ, ಐವತ್ತು ವರ್ಷ ಹಾಗೆಯೇ ಇರಬಹುದು. ಮೈಯ ರಕ್ಷಣಾಶಕ್ತಿ ಕುಗ್ಗಿದಾಗ ಅದು ಎಚ್ಚೆತ್ತು, ನರದ ಗುಂಟ ಚರ್ಮಕ್ಕೆ ಬಂದು ಗುಳ್ಳೆ ಎಬ್ಬಿಸುತ್ತದೆ.

ಇದನ್ನು ವಿವರಿಸಿದವರಲ್ಲಿ ಒಬ್ಬರು ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಪಟ್ಟಣದ ವೈದ್ಯರಾದ ಎಡ್ಗರ್ ಹೋಪ್-ಸಿಂಪ್ಸನ್. ಇವರು ದೊಡ್ಡ ಆಸ್ಪತ್ರೆಯವರಲ್ಲ, ಊರ ಜನರನ್ನು ನೋಡಿಕೊಳ್ಳುತ್ತಿದ್ದ ಸಾಮಾನ್ಯ ವೈದ್ಯರು. 1947ರಿಂದ 1962ರವರೆಗೆ 16 ವರ್ಷ ತಮ್ಮ ಬಳಿಗೆ ಬಂದ ಸರ್ಪಸುತ್ತಿನ ರೋಗಿಗಳನ್ನೆಲ್ಲ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟರು. ಒಟ್ಟು 192 ಮಂದಿ. ಅಂದರೆ 1000 ಜನರಲ್ಲಿ ವರ್ಷಕ್ಕೆ ಮೂರು ನಾಲ್ಕು ಮಂದಿ. ಸೀತಾಳೆ ಸಿಡುಬು ಒಂದು ಕಾಲದಲ್ಲಿ ಊರೆಲ್ಲ ಹಬ್ಬುತ್ತದೆ; ಸರ್ಪಸುತ್ತಿಗೆ ಅಂಥ ಕಾಲವಿಲ್ಲ, ವರ್ಷವಿಡೀ ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಬರುತ್ತದೆ; ವಯಸ್ಸಾದಂತೆ ಹೆಚ್ಚುತ್ತದೆ. ಇದನ್ನೆಲ್ಲ ನೋಡಿ, ಇದು ಹೊರಗಿನಿಂದ ಅಂಟುವುದಲ್ಲ, ಒಳಗೆ ಮಲಗಿದ್ದುದು ಏಳುವುದು ಎಂದು 1965ರಲ್ಲಿ ಅವರು ಹೇಳಿದರು. ಮುಂದಿನ ಪರೀಕ್ಷೆಗಳಲ್ಲಿ ಆ ಮಾತು ನಿಜವೆಂದು ಕಂಡುಬಂತು. ಮಳೆಯ ಲೆಕ್ಕ, ಇಳುವರಿಯ ಲೆಕ್ಕ ಬರೆದಿಡಿರೆಂದು ನಾನು ನಿಮ್ಮನ್ನು ಕಾಡುತ್ತೇನಲ್ಲ. ಬರೆದಿಟ್ಟ ಲೆಕ್ಕಕ್ಕೆ ಎಷ್ಟು ಬೆಲೆ ಎಂಬುದನ್ನು ಇದರಲ್ಲಿಯೂ ನೋಡಬಹುದು.

“ತಲೆ ಬಾಲ ಕೂಡಿದರೆ ಮನುಷ್ಯ ಸಾಯುತ್ತಾನೆಂಬುದು ನಿಜವೆ?”

ಈ ಭಯ ನಮ್ಮ ಹಳ್ಳಿಗಳಲ್ಲಿ ಬಹಳ. ಮನೆಯವರು ರೋಗಿಯ ಬೆನ್ನನ್ನು ನೋಡುತ್ತ, ಎಷ್ಟು ಸುತ್ತಿತು, ಇನ್ನೆಷ್ಟು ಉಳಿಯಿತು ಎಂದು ಗೆರೆ ಎಳೆಯುತ್ತ ಕೂರುತ್ತಾರೆ. ಇದು ನಿಜವಲ್ಲ. ಸಾಮಾನ್ಯವಾಗಿ ಈ ಗುಳ್ಳೆಗಳು ಮೈಯನ್ನು ಪೂರ್ತಿ ಸುತ್ತುವುದೇ ಇಲ್ಲ.

ಏಕೆಂದು ನೋಡಿರಿ. ದೊಡ್ಡ ನಾಲೆಯಿಂದ ಎಡಕ್ಕೊಂದು ಬಲಕ್ಕೊಂದು ಕಾಲುವೆ ಒಡೆದಿರುತ್ತೀರಿ. ಎಡಗಾಲುವೆಯ ನೀರು ಎಡಗಡೆಯ ಪಟ್ಟಿಗೆ ಹರಿಯುತ್ತದೆ, ಬಲಗಡೆಗೆ ದಾಟುವುದಿಲ್ಲ. ನಮ್ಮ ಬೆನ್ನುಹುರಿಯಿಂದಲೂ ನರಗಳು ಹೀಗೆಯೇ ಎಡಬಲಕ್ಕೆ ಜೋಡಿಜೋಡಿಯಾಗಿ ಹೊರಡುತ್ತವೆ. ಒಂದೊಂದು ನರಕ್ಕೆ ಚರ್ಮದ ಒಂದೊಂದು ಪಟ್ಟಿ. ವೈರಸ್ ಎದ್ದದ್ದು ಯಾವ ನರದ ಬುಡದಲ್ಲೋ ಆ ನರದ ಪಟ್ಟಿಯಲ್ಲಿ ಮಾತ್ರ ಗುಳ್ಳೆ. ಆದುದರಿಂದ ಅದು ಬೆನ್ನಿನ ನಡುವಿನಿಂದ ಹೊರಟು ಎದೆಯ ಅಥವಾ ಹೊಟ್ಟೆಯ ನಡುಗೆರೆಗೆ ಬಂದು ನಿಲ್ಲುತ್ತದೆ. ಬದುವನ್ನು ದಾಟುವುದಿಲ್ಲ.

ರಕ್ಷಣಾಶಕ್ತಿ ಬಹಳ ಕುಗ್ಗಿದ ಕೆಲವರಲ್ಲಿ ಗುಳ್ಳೆಗಳು ಎರಡೂ ಕಡೆ, ಮೈಯೆಲ್ಲ ಹರಡುವುದುಂಟು. ಅದು ಅಪಾಯದ ಗುರುತೇ ಸರಿ. ಆದರೆ ಅಲ್ಲಿಯೂ ಅಪಾಯ ಬರುವುದು ವೈರಸ್ಸಿನಿಂದ, ತಲೆ ಬಾಲ ಕೂಡಿದ್ದರಿಂದಲ್ಲ. ಅಂಥವರನ್ನು ಅದೇ ದಿನ ದೊಡ್ಡ ಆಸ್ಪತ್ರೆಗೆ ಸೇರಿಸತಕ್ಕದ್ದು.

“ಸರ್ಪಸುತ್ತೇ ಎಂದು ಗುರುತಿಸುವುದು ಹೇಗೆ?”

ಗುಳ್ಳೆ ಏಳುವ ಮುನ್ನವೇ ನೋವು ಬರುತ್ತದೆ. ಒಂದು ದಿನದಿಂದ ನಾಲ್ಕೈದು ದಿನದವರೆಗೆ ಮೈಯ ಒಂದೇ ಪಕ್ಕದಲ್ಲಿ ಉರಿ, ಚುಚ್ಚು, ಜುಮುಗುಟ್ಟುವಿಕೆ. ಕೆಲವರಿಗೆ ಸಣ್ಣ ಜ್ವರ, ತಲೆನೋವು. ಮೂಟೆ ಹೊತ್ತು ಪಕ್ಕೆ ಹಿಡಿಯಿತೆಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ. ಆಮೇಲೆ ಆ ಜಾಗ ಕೆಂಪಗಾಗಿ, ನೀರುಗುಳ್ಳೆಗಳು ಗೊಂಚಲು ಗೊಂಚಲಾಗಿ ಪಟ್ಟಿಯಂತೆ ಏಳುತ್ತವೆ. ಏಳರಿಂದ ಹತ್ತು ದಿನಗಳಲ್ಲಿ ಒಣಗಿ ಹಕ್ಕಳೆ ಕಟ್ಟುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಚರ್ಮ ವಾಸಿಯಾಗುತ್ತದೆ.

ಒಂದು ಎಚ್ಚರಿಕೆ. ಎಡ ಎದೆಯಲ್ಲಿ ನೋವು ಬಂದರೆ ‘ಸರ್ಪಸುತ್ತಿರಬಹುದು, ಗುಳ್ಳೆ ಏಳಲಿ’ ಎಂದು ಕಾಯಬೇಡಿರಿ. ಅದು ಹೃದಯದ ನೋವೂ ಆಗಿರಬಹುದು. ಕೂಡಲೆ ಆಸ್ಪತ್ರೆಗೆ ಹೊರಡಬೇಕು.

ಗದ್ದೆಯಲ್ಲಿ ಕೆಲಸ ಮಾಡುವವರು ಮತ್ತೊಂದನ್ನೂ ತಿಳಿದಿರಬೇಕು. ಮಳೆಗಾಲದಲ್ಲಿ ದೀಪಕ್ಕೆ ಬರುವ ಕೆಂಪು ಕಪ್ಪು ಪಟ್ಟೆಯ, ಇರುವೆಯಂಥ ಒಂದು ಸಣ್ಣ ಹುಳುವಿದೆ. ಅದು ಮೈಮೇಲೆ ಕೂತಾಗ ಹೊಸಕಿದರೆ ಅದರ ರಸ ತಾಗಿ ಒಂದೆರಡು ದಿನಗಳಲ್ಲಿ ಬರೆ ಎಳೆದ ಹಾಗೆ ಉರಿಗುಳ್ಳೆ ಏಳುತ್ತದೆ. ಅದನ್ನೂ ಜನ ಸರ್ಪಸುತ್ತು ಎನ್ನುತ್ತಾರೆ. ಹುಳುವಿನ ಗುಳ್ಳೆಗೆ ಮುಂಚಿತವಾಗಿ ಒಳನೋವು ಇರುವುದಿಲ್ಲ. ಕತ್ತು, ತೋಳು, ಮುಖ ಹೀಗೆ ಬಟ್ಟೆಯಿಲ್ಲದ ಕಡೆಯೇ ಹೆಚ್ಚು. ನಿಮಗೆ ಸಂಶಯವಾದರೆ ವೈದ್ಯರಿಗೆ ತೋರಿಸಿ ತೀರ್ಮಾನ ಮಾಡಿಕೊಳ್ಳಿರಿ. ಅಂಥ ಹುಳುವನ್ನು ಹೊಸಕದೆ ಊದಿ ಹಾರಿಸುವುದು, ಆ ಜಾಗವನ್ನು ಸೋಪು ಹಚ್ಚಿ ತೊಳೆಯುವುದು ಒಳ್ಳೆಯದು.

“ಯಾರಿಗೆ ಹೆಚ್ಚಾಗಿ ಬರುತ್ತದೆ?”

ಐವತ್ತು ದಾಟಿದವರಿಗೆ ಹೆಚ್ಚು, ಎಪ್ಪತ್ತು ದಾಟಿದವರಿಗೆ ಇನ್ನೂ ಹೆಚ್ಚು. ಸಕ್ಕರೆ ಕಾಯಿಲೆಯವರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು, ಬಹಳ ದಿನ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು, ಎಚ್‌ಐವಿ ಇರುವವರು ಇವರಿಗೆ ಅಪಾಯ ಜಾಸ್ತಿ. ಚಿಕ್ಕ ವಯಸ್ಸಿನವರಿಗೆ ಬಂದಾಗ, ಅಥವಾ ಮತ್ತೆ ಮತ್ತೆ ಬಂದಾಗ ವೈದ್ಯರು ರಕ್ತಪರೀಕ್ಷೆ ಮಾಡಿಸಲು ಹೇಳಬಹುದು. ಅದಕ್ಕೆ ನಾಚುವ ಕಾರಣವಿಲ್ಲ. ಕಾರಣ ತಿಳಿದರೆ ಅದಕ್ಕೂ ಚಿಕಿತ್ಸೆ ಇದೆ.

“ಮುಟ್ಟಿದರೆ ಅಂಟುತ್ತದೆಯೆ? ರೋಗಿಯನ್ನು ಬೇರೆ ಇಡಬೇಕೆ?”

ಸರ್ಪಸುತ್ತು ಒಬ್ಬರಿಂದ ಒಬ್ಬರಿಗೆ ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಗುಳ್ಳೆಯೊಳಗಿನ ನೀರಿನಲ್ಲಿ ವೈರಸ್ ಇರುತ್ತದೆ. ಸೀತಾಳೆ ಸಿಡುಬು ಆಗದವರಿಗೆ ಅದು ತಾಗಿದರೆ ಅವರಿಗೆ ಸೀತಾಳೆ ಸಿಡುಬು ಬರಬಹುದು. ಆದುದರಿಂದ ಗುಳ್ಳೆಗಳೆಲ್ಲ ಹಕ್ಕಳೆ ಕಟ್ಟುವವರೆಗೆ ಗುಳ್ಳೆಯ ಜಾಗವನ್ನು ತೆಳ್ಳನೆಯ ಶುಭ್ರ ಬಟ್ಟೆಯಿಂದ ಮುಚ್ಚಿರಿ. ರೋಗಿಯ ಟವಲು, ಹಾಸಿಗೆ ಬಟ್ಟೆ ಬೇರೆ ಇರಲಿ. ಬಸುರಿ ಹೆಂಗಸರು, ಎಳೆಗೂಸುಗಳು, ಕಾಯಿಲೆಯಿಂದ ನಿತ್ರಾಣರಾದವರು ದೂರ ಇದ್ದರೆ ಒಳ್ಳೆಯದು. ಇಷ್ಟರ ಹೊರತು ರೋಗಿಯನ್ನು ಹಿತ್ತಲ ಕೋಣೆಗೆ ತಳ್ಳಿ ತಟ್ಟೆಯನ್ನು ದೂರದಿಂದ ಸರಿಸುವ ಅಗತ್ಯವಿಲ್ಲ. ನೋವಿನಲ್ಲಿರುವವರಿಗೆ ಪಕ್ಕದಲ್ಲಿ ಕೂತು ಮಾತನಾಡುವವರು ಬೇಕು.

“ಕೆಮ್ಮಣ್ಣು, ಕಾವಿ ಹಚ್ಚಿದರೆ, ಮಂತ್ರ ಹಾಕಿಸಿದರೆ ವಾಸಿಯಾಗಿದೆಯಲ್ಲ?”

ಈ ಪ್ರಶ್ನೆಯನ್ನು ಹಿರಿಯರು ಕೇಳಿದಾಗ ನಾನು ಅವರ ಅನುಭವವನ್ನು ಸುಳ್ಳೆನ್ನುವುದಿಲ್ಲ. ಗುಳ್ಳೆ ವಾಸಿಯಾದದ್ದು ನಿಜ. ಆದರೆ ಹೆಚ್ಚಿನವರಲ್ಲಿ ಗುಳ್ಳೆ ತಾನಾಗಿಯೇ ಎರಡು ಮೂರು ವಾರದಲ್ಲಿ ಒಣಗುತ್ತದೆ. ಕೆಮ್ಮಣ್ಣು ಹಚ್ಚಿದರೂ ಒಣಗುತ್ತದೆ, ಹಚ್ಚದಿದ್ದರೂ ಒಣಗುತ್ತದೆ. ಕಪ್ಪೆ ಕೂಗಿದ ಮೇಲೆ ಮಳೆ ಬಂತೆಂದು ಕಪ್ಪೆಯೇ ಮಳೆ ತಂದಿತೆನ್ನಲಾದೀತೆ?

ಗುಳ್ಳೆ ಒಣಗುವುದಷ್ಟೇ ನಮಗೆ ಸಾಲದು. ನರಕ್ಕೆ ಪೆಟ್ಟಾಗದಂತೆ ನೋಡಿಕೊಳ್ಳುವುದೂ ಬೇಕು. ಮೇಲೆ ಬಳಿದ ಮಣ್ಣು ಒಳಗಿನ ನರವನ್ನು ಮುಟ್ಟುವುದಿಲ್ಲ. ಅದಲ್ಲದೆ ಒಡೆದ ಗುಳ್ಳೆಗೆ ಮಣ್ಣು, ಸಗಣಿ, ಸುಣ್ಣ, ಸೊಪ್ಪಿನ ರಸ ಹಾಕಿದರೆ ಕೀವು ಕಟ್ಟಬಹುದು. ಬರೆ ಹಾಕುವುದಂತೂ ಕೂಡದು. ಮಣ್ಣು ಮೆತ್ತಿದ್ದರೆ ಗುಳ್ಳೆಯ ಗುರುತು ಹಿಡಿಯುವುದು ವೈದ್ಯರಿಗೂ ಕಷ್ಟ.

ಸುಬ್ರಹ್ಮಣ್ಯನಿಗೆ ಹರಕೆ ಹೊತ್ತವರನ್ನು ನಾನು ಬೇಡವೆನ್ನುವುದಿಲ್ಲ. ಹರಕೆಗೆ ಮೂರು ದಿನದ ಗಡುವಿಲ್ಲ, ಔಷಧಕ್ಕೆ ಇದೆ. ಮೊದಲು ಆಸ್ಪತ್ರೆಗೆ ಹೋಗಿಬನ್ನಿರಿ. ವಾಸಿಯಾದ ಮೇಲೆ ನೆಮ್ಮದಿಯಿಂದ ಹರಕೆ ತೀರಿಸಿರಿ. ಮಂತ್ರ ಹಾಕುವ ಹಿರಿಯರಲ್ಲಿಯೂ ನನ್ನ ವಿನಂತಿ ಇದೆ. ನಿಮ್ಮ ಮಾತನ್ನು ಊರು ಕೇಳುತ್ತದೆ. ಬಂದವರಿಗೆ ‘ಈ ಹೊತ್ತೇ ಆಸ್ಪತ್ರೆಗೆ ಹೋಗು’ ಎಂದು ನೀವು ಹೇಳಿದರೆ, ನಾನು ಹತ್ತು ಭಾಷಣ ಮಾಡಿದ್ದಕ್ಕಿಂತ ಹೆಚ್ಚಿನ ಕೆಲಸವಾಗುತ್ತದೆ.

“ಆಸ್ಪತ್ರೆಯಲ್ಲಿ ಏನು ಕೊಡುತ್ತಾರೆ?”

ವೈರಸ್ ಬೆಳೆಯದಂತೆ ತಡೆಯುವ ಮಾತ್ರೆಗಳಿವೆ. ಬಹಳ ಕಾಲದಿಂದ ಬಳಕೆಯಲ್ಲಿರುವುದು ಅಸೈಕ್ಲೊವಿರ್. ಅದು ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ ಐದು ಸಲದಂತೆ ಏಳು ದಿನ ಕೊಡುತ್ತಾರೆ. ವಾಲಾಸೈಕ್ಲೊವಿರ್ ಎಂಬುದನ್ನು ದಿನಕ್ಕೆ ಮೂರು ಸಲ ಕೊಡುತ್ತಾರೆ. ಯಾರಿಗೆ ಯಾವುದು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಮೂತ್ರಪಿಂಡದ ತೊಂದರೆ ಇರುವವರು ಅದನ್ನು ಮೊದಲೇ ತಿಳಿಸಬೇಕು, ಅವರಿಗೆ ಪ್ರಮಾಣ ಕಡಿಮೆ. ಮಾತ್ರೆ ನುಂಗುವ ದಿನಗಳಲ್ಲಿ ನೀರು ಚೆನ್ನಾಗಿ ಕುಡಿಯತಕ್ಕದ್ದು. ಎರಡು ದಿನಕ್ಕೆ ಉರಿ ತಗ್ಗಿತೆಂದು ಮಾತ್ರೆ ನಿಲ್ಲಿಸಬಾರದು.

ಜನೌಷಧಿ ಕೇಂದ್ರ ಹತ್ತಿರವಿದ್ದರೆ ವೈದ್ಯರ ಚೀಟಿ ತೋರಿಸಿ ಅಲ್ಲಿ ವಿಚಾರಿಸಿರಿ, ಖರ್ಚು ತಗ್ಗುತ್ತದೆ. ಚೀಟಿಯಿಲ್ಲದೆ ಅಂಗಡಿಯಲ್ಲಿ ಮುಲಾಮು ಕೊಂಡು ಹಚ್ಚಿಕೊಳ್ಳುವ ಅಭ್ಯಾಸ ಬೇಡ. ನೋವಿಗೆ ಬೇರೆ ಮಾತ್ರೆ ಕೊಡುತ್ತಾರೆ. ನೋವನ್ನು ಹಲ್ಲುಕಚ್ಚಿ ಸಹಿಸುವುದು ಗಟ್ಟಿತನವಲ್ಲ. ಇದ್ದದ್ದನ್ನು ಇದ್ದ ಹಾಗೆ ವೈದ್ಯರಿಗೆ ಹೇಳಿರಿ.

“ಮೂರು ದಿನ ಕಳೆದುಹೋಗಿದ್ದರೆ?”

ಆಗಲೂ ಹೋಗಿರಿ. ಹೊಸ ಗುಳ್ಳೆ ಇನ್ನೂ ಏಳುತ್ತಿದ್ದರೆ, ಕಣ್ಣಿನ ಹತ್ತಿರ ಆಗಿದ್ದರೆ, ರೋಗಿ ನಿತ್ರಾಣವಾಗಿದ್ದರೆ ವೈದ್ಯರು ಆಮೇಲೂ ಔಷಧ ಕೊಡುತ್ತಾರೆ. ಬಿತ್ತನೆಗೆ ಹದ ಮೀರಿದರೆ ಹೊಲವನ್ನೇ ಬಿಟ್ಟುಬಿಡುತ್ತೇವೆಯೆ? ಆದಷ್ಟು ಮಾಡುತ್ತೇವೆ. ಆದರೆ ಹದದಲ್ಲಿ ಬಿತ್ತಿದ ಬೆಳೆಯೇ ಬೇರೆ.

“ಕಣ್ಣಿಗೆ ಬಂದರೆ ಕಣ್ಣು ಹೋಗುತ್ತದೆಯೆ?”

ಹೋಗುವ ಸಂಭವ ಉಂಟು. ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿರಿ. ಹಣೆ, ರೆಪ್ಪೆ, ಮೂಗಿನ ಒಂದು ಪಕ್ಕದಲ್ಲಿ ಗುಳ್ಳೆ ಬಂದರೆ ಮೂರು ದಿನವೂ ಕಾಯಬಾರದು, ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೂ ತಗಲುವ ಸಂಭವ ಹೆಚ್ಚು, ಏಕೆಂದರೆ ಮೂಗಿನ ತುದಿಗೂ ಕಣ್ಣಿಗೂ ಒಂದೇ ನರದ ಕವಲು. ಕಣ್ಣಿಗೆ ಎದೆಹಾಲು, ಎಲೆಯ ರಸ, ಹಿಂದೆ ಯಾರಿಗೋ ಕೊಟ್ಟ ಹನಿಔಷಧ ಯಾವುದನ್ನೂ ಹಾಕಬೇಡಿರಿ.

ಕಿವಿಯಲ್ಲಿ ಗುಳ್ಳೆ ಬಂದು ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಕಿವಿ ಕೇಳಿಸದಿದ್ದರೆ, ತಲೆ ಸುತ್ತಿದರೆ ಅದೂ ಇದೇ ಕಾಯಿಲೆಯ ಒಂದು ರೂಪ. ಅದಕ್ಕೂ ಅದೇ ದಿನ ಹೊರಡಬೇಕು.

“ಗುಳ್ಳೆ ಹೋದ ಮೇಲೂ ನೋವು ಉಳಿಯುವುದೇಕೆ?”

ವೈರಸ್ ನರದ ಗುಂಟ ಬರುವಾಗ ನರವೇ ಗಾಯಗೊಳ್ಳುತ್ತದೆ. ಗಾಯಗೊಂಡ ನರ ಸುಮ್ಮನಿದ್ದರೂ ನೋವಿನ ಸುದ್ದಿ ಕಳಿಸುತ್ತಲೇ ಇರುತ್ತದೆ. ಗಾಳಿ ಬೀಸಿದರೆ ಉರಿ, ಬಟ್ಟೆ ತಾಗಿದರೆ ಉರಿ. ಮೂರು ತಿಂಗಳು ದಾಟಿಯೂ ಉಳಿದ ನೋವು ವರ್ಷಗಟ್ಟಲೆ ಇರುವುದುಂಟು. ವಯಸ್ಸಾದಷ್ಟೂ ಈ ಅಪಾಯ ಜಾಸ್ತಿ. ಮುಂಚೆ ಹೇಳಿದ ಅಜ್ಜಿಯ ಪಾಡು ಇದೇ. ಇದಕ್ಕೂ ಮಾತ್ರೆಗಳಿವೆ. ಅವು ನಿಧಾನವಾಗಿ ಕೆಲಸ ಮಾಡುತ್ತವೆ, ವೈದ್ಯರು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾರೆ. ‘ವಯಸ್ಸಾಯಿತು, ಸುಮ್ಮನೆ ನರಳುತ್ತಾರೆ’ ಎಂದು ಮನೆಯವರು ಅನ್ನಬಾರದು. ಕಣ್ಣಿಗೆ ಕಾಣದಿದ್ದರೂ ಆ ನೋವು ನಿಜವಾದುದೇ.

“ಮನೆಯಲ್ಲಿ ಆರೈಕೆ ಹೇಗೆ? ಪಥ್ಯ ಏನು?”

ಸ್ನಾನ ಮಾಡಬಹುದು. ಗುಳ್ಳೆಯನ್ನು ಉಜ್ಜದೆ ಮೆಲ್ಲಗೆ ತೊಳೆದು, ಒತ್ತಿ ಒರೆಸಿ ಒಣಗಿಸಿರಿ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಆಗಾಗ ಇಟ್ಟರೆ ಉರಿ ತಗ್ಗುತ್ತದೆ. ಸಡಿಲವಾದ ಹತ್ತಿ ಬಟ್ಟೆ ಹಾಕಿರಿ. ಉಗುರು ಕತ್ತರಿಸಿರಿ, ಗುಳ್ಳೆ ಒಡೆಯಬೇಡಿರಿ. ಔಷಧ ಸಿಂಪಡಿಸುವ ಪಂಪು ಬೆನ್ನಿಗೆ ಹೊರುವ ಕೆಲಸ ಆ ದಿನಗಳಲ್ಲಿ ಬೇಡ.

ಉಪ್ಪು ಬಿಡಿಸಿ ಬರೀ ಗಂಜಿಯ ಮೇಲೆ ಇಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಅದರಿಂದ ಪ್ರಯೋಜನವಿಲ್ಲ. ಮೊದಲೇ ಶಕ್ತಿ ಕುಗ್ಗಿದ ಮೈ ಅದು. ಮುದ್ದೆ, ರೊಟ್ಟಿ, ಅನ್ನ, ಸೊಪ್ಪು, ಬೇಳೆ, ಹಾಲು, ಮೊಟ್ಟೆ, ಮನೆಯಲ್ಲಿ ರೂಢಿಯಿದ್ದುದನ್ನು ಚೆನ್ನಾಗಿ ಕೊಡಿರಿ. ಸಕ್ಕರೆ ಕಾಯಿಲೆಯವರು ತಮ್ಮ ಮಾತ್ರೆ ಬಿಡಬಾರದು.

“ಬಾರದಂತೆ ತಡೆಯಲು ಲಸಿಕೆ ಇದೆಯೆ?”

ಇದೆ. 2023ರಲ್ಲಿ ಶಿಂಗ್ರಿಕ್ಸ್ ಎಂಬ ಲಸಿಕೆ ನಮ್ಮ ದೇಶಕ್ಕೆ ಬಂತು. ಐವತ್ತು ದಾಟಿದವರಿಗೆ ಎರಡು ಚುಚ್ಚುಮದ್ದು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಎರಡರಿಂದ ಆರು ತಿಂಗಳು. ಹಾಕಿಸಿಕೊಂಡ 100 ಮಂದಿಯಲ್ಲಿ ಬರಬಹುದಾಗಿದ್ದ ಕಾಯಿಲೆಯಲ್ಲಿ 90ಕ್ಕೂ ಹೆಚ್ಚು ಪಾಲನ್ನು ಅದು ತಡೆಯುತ್ತದೆಂದು ದೊಡ್ಡ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಬೆಲೆ ಮಾತ್ರ ಬಹಳ ಹೆಚ್ಚು. ಸಣ್ಣ ರೈತನ ಕೈಗೆ ಎಟಕುವಂಥದಲ್ಲ. ಅನುಕೂಲವಿದ್ದವರು, ಮುಖ್ಯವಾಗಿ ರಕ್ಷಣಾಶಕ್ತಿ ಕುಗ್ಗಿದವರು ವೈದ್ಯರನ್ನು ಕೇಳಿರಿ. ಗುಳ್ಳೆ ಎದ್ದ ಮೇಲೆ ಲಸಿಕೆ ಔಷಧವಾಗುವುದಿಲ್ಲ. ಲಸಿಕೆ ಹಾಕಿಸಲಾಗದ ಮನೆಗೆ ಮೂರು ದಿನದ ಎಚ್ಚರವೇ ರಕ್ಷೆ.

“ಚೀಟಿಯಲ್ಲಿ ‘ಶಿಂಗಲ್ಸ್’ ಎಂದು ಬರೆದಿದ್ದಾರೆ. ನಿಘಂಟಿನಲ್ಲಿ ನೋಡಿದರೆ ಮನೆಯ ಸೂರಿಗೆ ಹೊದಿಸುವ ಹಲಗೆ ಎಂದಿದೆಯಲ್ಲ?”

ಇದು ಒಬ್ಬ ಪ್ರೌಢಶಾಲೆಯ ಹುಡುಗನ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಇಂಗ್ಲಿಷಿನಲ್ಲಿ ಈ ಕಾಯಿಲೆಗೂ ಸೂರಿನ ಸಣ್ಣ ಹಲಗೆಗೂ ಒಂದೇ ಹೆಸರು. ಆದರೆ ಬೇರು ಬೇರೆ ಬೇರೆ. ಕಾಯಿಲೆಯ ಹೆಸರು ಲ್ಯಾಟಿನ್ ಭಾಷೆಯಲ್ಲಿ ನಡುಪಟ್ಟಿ ಎಂಬರ್ಥದ ಶಬ್ದದಿಂದ ಬಂತು. ಸೂರಿನ ಹೆಸರು ಸೀಳಿದ ಹಲಗೆ ಎಂಬರ್ಥದ ಬೇರೊಂದು ಶಬ್ದದಿಂದ ಬಂತು. ಪುಸ್ತಕಗಳಲ್ಲಿ ಈ ಕಾಯಿಲೆಯನ್ನು ಜೋಸ್ಟರ್ ಎಂದೂ ಬರೆಯುತ್ತಾರೆ. ಅದು ಗ್ರೀಕರ ಮಾತು, ಅದಕ್ಕೂ ನಡುಪಟ್ಟಿ ಎಂದೇ ಅರ್ಥ. ಅವರು ಪಟ್ಟಿಯನ್ನು ಕಂಡರು, ನಮ್ಮವರು ಸುತ್ತನ್ನು ಕಂಡರು. ಎಲ್ಲರ ಕಣ್ಣಿಗೆ ಬಿದ್ದದ್ದು ಒಂದೇ.

ಸೂರಿನ ಮಾತು ಬಂದದ್ದರಿಂದ ಅದನ್ನೂ ಮುಗಿಸಿಬಿಡುತ್ತೇನೆ. ಹಿಮಾಚಲದಂಥ ಗುಡ್ಡದ ನಾಡಿನಲ್ಲಿ ದೇವದಾರು ಮರದ ಹಲಗೆ ಸೀಳಿ ಸೂರಿಗೆ ಹೊದಿಸಿದ ಹಳೆಯ ಮನೆಗಳಿವೆ. ಈಗ ಅಂಗಡಿಯಲ್ಲಿ ಶಿಂಗಲ್ಸ್ ಎಂದು ಮಾರುವುದು ಹೆಚ್ಚಾಗಿ ಗಾಜಿನ ನೂಲಿನ ಹಾಸಿಗೆ ಡಾಂಬರು ಮೆತ್ತಿ, ಮೇಲೆ ಕಲ್ಲಿನ ಹರಳು ಉದುರಿಸಿದ ತೆಳುಹಾಳೆ. ಕೊಡಗು, ಮಲೆನಾಡಿನ ಹೊಸ ಕಟ್ಟಡಗಳ ಮೇಲೆ ನೀವು ನೋಡಿರಬಹುದು. ‘ನಮ್ಮ ಮನೆಗೂ ಹಾಕಿಸಬಹುದೆ?’ ಎಂದು ಕೇಳುತ್ತಾರೆ. ಹಾಕಿಸಬಹುದು. ಆದರೆ ಇದು ಮಂಗಳೂರು ಹಂಚಿನ ಹಾಗೆ ಬರೀ ರೀಪಿನ ಮೇಲೆ ನಿಲ್ಲುವುದಿಲ್ಲ. ಕೆಳಗೆ ಪೂರ್ತಿಯಾಗಿ ಇಳಿಜಾರಿನ ಕಾಂಕ್ರೀಟು ಅಥವಾ ಪ್ಲೈವುಡ್ ಹಲಗೆಯ ಹಾಸು ಬೇಕು. ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯದೆ ಬರೀ ಹಾಳೆಯ ಬೆಲೆ ನೋಡಿ ಒಪ್ಪಬೇಡಿರಿ.

ಮಂಗಳೂರು ಹಂಚಿನ ಮೊದಲ ಕಾರ್ಖಾನೆಯನ್ನು 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತೆರೆದರು. ಅಂದಿನಿಂದ ಇಂದಿನವರೆಗೆ ಆ ಹಂಚಿನ ದೊಡ್ಡ ಗುಣ ಒಂದೇ. ಒಂದು ಒಡೆದರೆ ಅದೊಂದನ್ನೇ ತೆಗೆದು ಬೇರೊಂದನ್ನು ಕೂರಿಸಬಹುದು, ಮನೆಯವರೇ ಏಣಿ ಹಾಕಿ ಮಾಡಿಕೊಳ್ಳಬಹುದು. ಹಂಚಿನ ಮನೆ ಚೆನ್ನಾಗಿರುವವರು ಅದನ್ನು ಕಿತ್ತು ಹಾಳೆ ಹೊದಿಸುವ ಆತುರ ಪಡಬೇಕಾಗಿಲ್ಲ.

ಹಂಚಿನ ಮನೆಯಲ್ಲಿ ಬಾಳಿದವರಿಗೆ ಒಂದು ಸಂಗತಿ ಗೊತ್ತು. ಮುಂಗಾರಿನ ಮೊದಲ ಹನಿ ಒಳಗೆ ಬಿದ್ದ ದಿನವೇ ಒಡೆದ ಹಂಚು ಬದಲಿಸಿದರೆ ಒಂದು ಹಂಚಿನ ಖರ್ಚು. ‘ಕೆಳಗೆ ಪಾತ್ರೆ ಇಟ್ಟರಾಯಿತು, ಮಳೆ ನಿಂತ ಮೇಲೆ ನೋಡೋಣ’ ಎಂದರೆ ಮಳೆ ನಿಲ್ಲುವ ಹೊತ್ತಿಗೆ ರೀಪು ಕೊಳೆತಿರುತ್ತದೆ, ತೊಲೆಗೆ ಗೆದ್ದಲು ಹತ್ತಿರುತ್ತದೆ. ಆಮೇಲೆ ಹೊಸ ಹಂಚು ಇಟ್ಟರೂ ತೊಲೆ ನೆಟ್ಟಗಾಗದು. ಸರ್ಪಸುತ್ತಿನಲ್ಲಿಯೂ ಚರ್ಮವೆಂಬುದು ಹಂಚು, ನರವೆಂಬುದು ತೊಲೆ. ಹಂಚು ಮತ್ತೆ ಸಿಗುತ್ತದೆ, ತೊಲೆಯನ್ನು ಉಳಿಸಿಕೊಳ್ಳಬೇಕು.

ಬಾಂಧವರೇ, ನಿಮ್ಮಿಂದ ಆಗಬೇಕಾದ ಕೆಲಸ ಹೆಚ್ಚಿನದೇನಲ್ಲ. ಮನೆಯ ಹಿರಿಯರು ‘ಒಂದು ಪಕ್ಕೆ ಉರಿಯುತ್ತಿದೆ’ ಎಂದ ದಿನ ಅಂಗಿ ಸರಿಸಿ ನೋಡಿರಿ. ಗುಳ್ಳೆ ಕಂಡರೆ ಗೋಡೆಯ ಪಂಚಾಂಗದಲ್ಲಿ ಆ ದಿನಕ್ಕೆ ಗುರುತು ಹಾಕಿರಿ, ಮೂರನೆಯ ದಿನ ಮುಗಿಯುವುದರೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರ ತಲುಪಿರಿ. ಮುಖದ ಮೇಲಾದರೆ ಅದೇ ದಿನ. ಒಬ್ಬಂಟಿಯಾಗಿರುವ ಮುದುಕರು ನಿಮ್ಮ ಕೇರಿಯಲ್ಲಿದ್ದರೆ ಅವರ ಬೆನ್ನನ್ನು ನೋಡುವವರಿಲ್ಲ, ಅವರನ್ನು ವಿಚಾರಿಸಿರಿ. ದಾರಿ ತಿಳಿಯದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿರಿ, ನನಗೆ ಹೇಳಿರಿ. ಸುಗ್ಗಿಯ ದಿನವಾದರೂ ಸರಿಯೇ. ರಾಶಿ ಒಂದು ದಿನ ಕಾಯುತ್ತದೆ, ಕಣ್ಣು ಕಾಯುವುದಿಲ್ಲ.

ಮುಂದಿನ ಕೂಟದಲ್ಲಿ ನಮ್ಮ ಮಾಮೂಲಿನಂತೆ ಬೀಜೋಪಚಾರದ ಮಾತು.